ಕದಲದ ಅಂಕಿ

"ನಿನ್ನೆ ಡೇಟಾ ತಗೊಳ್ಳೋದನ್ನ ನಿಲ್ಲಿಸಿದ್ದು ನೀವೇನಾ?"

ಬ್ರಿಯೋನಿ ತಲೆಯೆತ್ತಿದಳು. ಕಂಟ್ರೋಲ್ ರೂಮಿನ ಬಾಗಿಲಲ್ಲಿ ಗಣಿಯ ಧೂಳು ಮೆತ್ತಿಕೊಂಡು ಒಬ್ಬ ನಿಂತಿದ್ದ. ಹೆಲ್ಮೆಟ್ಟಿನ ಮೇಲೆ 'ಸ್ಟಾವ್ರೊ' ಎಂದಿತ್ತು.

"ಹೌದು. ಸಿಗ್ನಲ್ ಮೇಲೆ ಅನುಮಾನ ಬಂತು."

"ಅನುಮಾನ ಬಂದಾಗೆಲ್ಲ ನಿಲ್ಲಿಸಿದ್ರೆ ಡಾರ್ಕ್ ಮ್ಯಾಟರ್ ನಮ್ಮ ಮೊಮ್ಮಕ್ಕಳಿಗೂ ಸಿಗಲ್ಲ ಬಿಡಿ."

ಅವಳಿಗೆ ಸಿಟ್ಟು ಬಂತು. ಆದರೆ ಅವನ ಕಣ್ಣಲ್ಲಿ ನಗುವಿತ್ತು... ಆ ನಗುವೇ ಅವಳ ನಿದ್ದೆ ಕೆಡಿಸಿತು.

ವಿಕ್ಟೋರಿಯಾದ ಒಂದು ಹಳೆಯ ಚಿನ್ನದ ಗಣಿಯ ತಳದಲ್ಲಿ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಕಣಗಳನ್ನು ಹುಡುಕುವ ಅವರ ಪ್ರಯೋಗಶಾಲೆ. ಕೆಳಗಿನ ಯಂತ್ರದ ಹೊಣೆ ಅವನದು. ಅದು ಕಳಿಸುವ ಡೇಟಾವನ್ನು ಮೇಲೆ ಕೂತು ಕಾಯುವುದು ಅವಳ ಕೆಲಸ. ವಾರದಲ್ಲಿ ಒಂದೆರಡು ದಿನವಷ್ಟೇ ಇಬ್ಬರಿಗೂ ಒಂದೇ ಪಾಳಿ. ಆ ದಿನಗಳಲ್ಲಿ ಫೋನಿನ ಮಾತು ಮುಗಿಯುತ್ತಲೇ ಇರಲಿಲ್ಲ.

ಆಮೇಲೊಂದು ದಿನ ಸಹೋದ್ಯೋಗಿ ಜಿಲಿಯನ್ ಅಂದಳು, "ಸ್ಟಾವ್ರೊ ಪಾಳಿ ಬದಲಾಯಿಸಿ ಅಂತ ಕೇಳಿದಾನಂತೆ ಕಣೇ."

ಬ್ರಿಯೋನಿ ಪರದೆಯತ್ತ ಮುಖ ತಿರುಗಿಸಿದಳು. 'ನನ್ನ ಜೊತೆ ಇರೋದೇ ಬೇಡವಾಯ್ತಾ...' ಅಂದಿನಿಂದ ಅವಳು ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಹೊರಗೆ ಉತ್ತರದ ಬಿಸಿಗಾಳಿ ಬೀಸುತ್ತಿತ್ತು. ಸ್ಟಾವ್ರೊನ ಜೊತೆಗಾರ ಬಿಡಿಭಾಗ ತರಲು ಮೇಲೆ ಬಂದಿದ್ದ. ಕೆಳಗೆ ಸ್ಟಾವ್ರೊ ಒಬ್ಬನೇ, ಯಂತ್ರವನ್ನು ತಣ್ಣಗಿಡುವ ದ್ರವ ನೈಟ್ರೋಜನ್ ತುಂಬಿಸುತ್ತಿದ್ದ.

ಕೆಳಗಿನ ಕೋಣೆಯ ನೆಲದಲ್ಲಿದ್ದ ಒಂದು ತಾಪಮಾನದ ಸೆನ್ಸರ್ ತಣ್ಣಗಾದದ್ದು ಪರದೆಯಲ್ಲಿ ಕಂಡಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ್ದು. ಆಮೇಲೆ ಅದರಾಚೆಯದು... ಕಾಣದ ಏನೋ ಒಂದು ನೆಲದ ಮೇಲೆ ತೆವಳುತ್ತಾ ಬರುತ್ತಿರುವ ಹಾಗೆ.

ಆಮ್ಲಜನಕದ ಅಂಕಿ ನೋಡಿದಳು. ಸರಿಯಾಗಿಯೇ ಇತ್ತು. ಮತ್ತೆ ನೋಡಿದಳು. ಕೊನೆಯ ಅಂಕಿ ಒಂದಿಷ್ಟೂ ಕದಲುತ್ತಿರಲಿಲ್ಲ.

'ಸರಿಯಾಗಿರೋ ಸೆನ್ಸರ್ ಹೀಗೆ ನಿಲ್ಲಲ್ಲ. ಇದು ಅಳೀತಾನೇ ಇಲ್ಲ...'

ತಕ್ಷಣ ಫೋನ್ ಎತ್ತಿದಳು.

"ಸ್ಟಾವ್ರೊ, ಹೊರಗೆ ಬಾ. ನೈಟ್ರೋಜನ್ ಸೋರ್ತಿದೆ. ಅಲ್ಲಿ ಉಸಿರಾಡೋಕೆ ಆಮ್ಲಜನಕವೇ ಉಳಿಯಲ್ಲ."

"ಮತ್ತೆ ಅನುಮಾನಾನಾ..." ಅವನು ನಕ್ಕ. ಮಾತು ಕುಡಿದವನ ಮಾತಿನಂತೆ ತೊದಲುತ್ತಿತ್ತು. "ಅಲಾರಂ ಹೊಡೆದಿಲ್ವಲ್ಲ."

"ಅಲಾರಂ ಕೆಟ್ಟಿದೆ. ನನ್ನ ಮೇಲೆ ಎಷ್ಟೇ ಸಿಟ್ಟಿರಲಿ, ಬಾಗಿಲ ಕಡೆ ನಡಿ."

"ಸಿಟ್ಟಾ... ಯಾರಿಗೆ..."

ದೊಪ್ಪನೆ ಏನೋ ಬಿದ್ದ ಸದ್ದು.

ಅವಳು ಪ್ರಯೋಗ ನಿಲ್ಲಿಸಿದಳು. ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಏರಿಸಿದಳು. ಗಣಿಯ ರಕ್ಷಣಾ ತಂಡಕ್ಕೆ ವಿಷಯ ತಿಳಿಸಿದಳು. ಫೋನ್ ಮಾತ್ರ ಇಡಲಿಲ್ಲ.

"ಸ್ಟಾವ್ರೊ, ಕೇಳಿಸ್ತಿದ್ಯಾ? ಏನಾದ್ರೂ ಮಾತಾಡು..."

ಆ ಕಡೆ ಫ್ಯಾನಿನ ಮೊರೆತ. ಅಷ್ಟೇ.

ರಕ್ಷಣಾ ವಾಹನ ಗಣಿಯ ಬಾಯಿಂದ ಹೊರಬಂದಾಗ ಅವಳು ಬಿಸಿಲಲ್ಲೇ ನಿಂತಿದ್ದಳು. ಸ್ಟ್ರೆಚರಿನ ಮೇಲೆ ಅವನ ತುಟಿ ನೀಲಿಗಟ್ಟಿತ್ತು. ಎದೆ ಏರುತ್ತಿದೆಯೇ... ಇಲ್ಲವೇ...

ಏರಿತು.

ಆಂಬುಲೆನ್ಸಿನಲ್ಲಿ ಅವನು ಕಣ್ಣು ತೆರೆದು ಆಮ್ಲಜನಕದ ಮಾಸ್ಕ್ ಸರಿಸಿದ. ಅವಳಿಗೆ ಅಳು ತಡೆಯಲಾಗಲಿಲ್ಲ.

"ಪಾಳಿ ಬದಲಾಯಿಸಿ ಅಂತ ಯಾಕೆ ಕೇಳಿದೆ? ಅಷ್ಟು ಬೇಡವಾದ್ನಾ ನಾನು?"

"ದಡ್ಡಿ... ನಿನ್ನ ಪಾಳಿಗೇ ಹಾಕಿ ಅಂತ ಕೇಳಿದ್ದು. ಎಲ್ಲಾ ದಿನಾನೂ."

ಅವಳು ಅವನ ತಣ್ಣನೆಯ ಬೆರಳುಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಅಮ್ಮ ಆಸ್ಪತ್ರೆಗೆ ಓಡಿ ಬರ್ತಾಳೆ," ಅವನು ಪಿಸುಗುಟ್ಟಿದ. "ಇವಳು ಯಾರು ಅಂತ ಕೇಳಿದ್ರೆ ಏನು ಹೇಳಲಿ?"

ಬ್ರಿಯೋನಿ ಮಾಸ್ಕನ್ನು ತಾನೇ ಅವನ ಮುಖಕ್ಕೆ ಸರಿಪಡಿಸಿದಳು.

"ನೀನು ಸುಮ್ನೆ ಉಸಿರಾಡು. ಅವರಿಗೆ ನಾನೇ ಹೇಳ್ತೀನಿ."