ಅಗಲ ಹಲ್ಲಿನ ಬರ್

"ಇದನ್ನ ಬರ್ ಅಂತ ಮಾರ್ತೀರಾ? ಕಸ!"

ಇಂಚರಾ ಕೌಂಟರ್ ಮೇಲೆ ಎಸೆದ ಪುಟ್ಟ ಕಾರ್ಬೈಡ್ ಬರ್ ಉರುಳುತ್ತಾ ಹೋಗಿ ಯೋಗಾನಂದನ ಬೆರಳಿಗೆ ತಾಗಿತು. ಗ್ರೈಂಡರ್ ತುದಿಗೆ ಸಿಕ್ಕಿಸಿ ಲೋಹ ತೇಯುವ ಸಾಧನ ಅದು. ಅದರ ಹಲ್ಲುಗಳ ಸಂದಿಯಲ್ಲೆಲ್ಲ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಟೂಲ್ಸ್ ಅಂಗಡಿ ಯೋಗಾನಂದನದು. ಹಿಂದಿನ ರಸ್ತೆಯಲ್ಲಿ ಅಚ್ಚುಗಳನ್ನು ತೇಯ್ದು ನಯ ಮಾಡುವ ಶೆಡ್ ಇಂಚರಾಳದು. ಇಷ್ಟು ದಿನ ಇಬ್ಬರ ಪರಿಚಯ ಫೋನಿನಲ್ಲಷ್ಟೇ. ಅವನ ದನಿ ಕೇಳಲೆಂದೇ ಅವಳು ಬೇಡದ ಸಾಮಾನಿಗೂ ಆರ್ಡರ್ ಕೊಟ್ಟಿದ್ದುಂಟು!

"ಈ ಸಣ್ಣ ಹಲ್ಲಿನ ಡಬಲ್ ಕಟ್ ಹಾಕಿ ಅಲ್ಯೂಮಿನಿಯಂ ತೇಯ್ದಿದೀರಾ? ಇದು ಸ್ಟೀಲಿಗೆ ಕಣ್ರೀ!"

"ಅಚ್ಚಿಗೆ ಬೇಕು ಅಂತ ಹೇಳಿರ್ಲಿಲ್ವಾ?"

"ಯಾವ ಲೋಹ ಅಂತ ಹೇಳಿದ್ರಾ? ನೀವು ಯಾವಾಗ್ಲೂ ಮಾಡೋದು ಸ್ಟೀಲೇ..."

"ಗ್ರೈಂಡರ್ ಎಗರಿ ಅಚ್ಚಿನ ಮೂಲೆ ಕಿತ್ತೋಯ್ತು! ಅಪ್ಪ ಹೋದ್ಮೇಲೆ ನನ್ನ ನಂಬಿ ಬಂದ ಮೊದಲ ದೊಡ್ಡ ಕೆಲಸ ಅದು. ಸಂಜೆ ಅಚ್ಚು ಕೊಟ್ಟೋರು ಬಂದ್ರೆ ಏನ್ ತೋರಿಸ್ಲಿ?"

ಆಗ ಅವನ ಕಣ್ಣು ಅವಳ ಅಂಗೈಗೆ ಸುತ್ತಿದ್ದ ಬಟ್ಟೆಯ ಮೇಲೆ ಬಿತ್ತು. ರಕ್ತ ಜಿನುಗುತ್ತಿತ್ತು.

"ಬುದ್ಧಿ ಇದೆಯೇನ್ರೀ ನಿಮಗೆ?" ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಕೂಗಿದ.

ಇಂಚರಾ ಸರ್ರನೆ ಆಚೆ ನಡೆದಳು. 'ಈ ದನಿಯನ್ನಾ ನಾನು ಇಷ್ಟಪಟ್ಟಿದ್ದು...?'

ಶೆಡ್ಡಿಗೆ ಬಂದು ಅಚ್ಚಿನ ಮೂಲೆಗೆ ವೆಲ್ಡಿಂಗ್ ತುಂಬಿಸಿದಳು. ಇನ್ನು ಅದನ್ನು ತೇಯ್ದು ಮಟ್ಟ ಮಾಡಬೇಕು. ಯಾವುದರಲ್ಲಿ?

ಅಷ್ಟರಲ್ಲಿ ಬಾಗಿಲಲ್ಲಿ ಯೋಗಾನಂದ!

"ಹೋಗ್ರೀ ಆಚೆ."

"ಬೈಯೋದಾದ್ರೆ ಆಮೇಲೆ ಬೈರಿ." ಅವನು ಮೇಜಿನ ಮೇಲೆ ಹೊಸ ಬರ್‌ಗಳನ್ನು ಹರಡಿದ. ಎಲ್ಲವೂ ಅಗಲ ಹಲ್ಲಿನವು, ಅಲ್ಯೂಮಿನಿಯಂ ಕಚ್ಚಿಕೊಳ್ಳದಂಥವು. "ಗುಂಡು ತಲೆಯದ್ದು ತಗೊಳ್ಳಿ."

"ಅದು ಅಚ್ಚಿನ ಒಳಗೋಡೆಗೆ ಗುಳಿ ಬೀಳಿಸುತ್ತೆ. ನಂಗೆ ಹೇಳ್ಕೊಡ್ಬೇಡಿ!" ಅವಳು ಪಕ್ಕದ್ದನ್ನು ಕಿತ್ತುಕೊಂಡಳು. ಉದ್ದ ಮೈ, ತುದಿ ಮಾತ್ರ ದುಂಡು.

ಗ್ರೈಂಡರ್ ಗುಂಯ್‌ಗುಟ್ಟಿತು. ಈ ಸಲ ಅದು ಎಗರಲಿಲ್ಲ. ಮೂಲೆ ನಿಧಾನಕ್ಕೆ ಹದಕ್ಕೆ ಬಂತು.

ಅವಳು ಗ್ರೈಂಡರ್ ನಿಲ್ಲಿಸಿದಾಗ ಅವನು ಮೆಲ್ಲಗೆ ಹೇಳಿದ, "ಯಾವ ಲೋಹ ಅಂತ ನಾನು ಕೇಳ್ಬೇಕಿತ್ತು. ನಿಮ್ಮ ಫೋನ್ ಬಂದ್ರೆ ನಂಗೆ ಅರ್ಧ ಮಾತು ಮರ್ತೋಗುತ್ತೆ... ಆ ರಕ್ತ ನೋಡಿ ಜೀವವೇ ಹೋದಂಗಾಯ್ತು. ಅದಕ್ಕೆ ಕೂಗಿದ್ದು."

ಇಂಚರಾ ಅಚ್ಚಿನ ಮೇಲಿನ ಪುಡಿ ಒರೆಸಿದಳು.

"ಕೈಗೆ ತಗೊಂಡಾಗ್ಲೇ ತಪ್ಪು ಬರ್ ಅಂತ ಗೊತ್ತಾಗಿತ್ತು ನಂಗೆ," ಎಂದಳು, ಅವನತ್ತ ನೋಡದೆ. "ಅವಸರದಲ್ಲಿ ಅದನ್ನೇ ಹಾಕಿದೆ. ನಿಮ್ಮ ತಪ್ಪು ಅಂದ್ಕೊಂಡ್ರೆ ಅಳು ಬರಲ್ಲ ಅನ್ನಿಸ್ತು..."

"ಈಗ?"

"ಈಗ ಬರ್ತಿದೆ. ಹೋಗಿ!"

ಅವನು ಕದಲಲಿಲ್ಲ. ಇನ್ನೂ ಒಂದು ಅಂಚು ಬಾಕಿಯಿತ್ತು. ಅವಳು ಗೋಡೆಯಲ್ಲಿ ತೂಗುಹಾಕಿದ್ದ ಇನ್ನೊಂದು ಕನ್ನಡಕ ತೆಗೆದು ಅವನ ಎದೆಗೆ ಒತ್ತಿದಳು.

"ಇಲ್ಲೇ ನಿಲ್ಲೋದಾದ್ರೆ ಹಾಕ್ಕೊಳ್ಳಿ. ಚೂರು ಕಣ್ಣಿಗೆ ಹಾರುತ್ತೆ."

"ಎಲ್ಲೀವರೆಗೂ ನಿಲ್ಬೋದು, ಇಂಚರಾ?"

"ಅದೂ ನಾನೇ ಹೇಳ್ಬೇಕಾ...? ಸುಮ್ನೆ ನಿಂತ್ಕೋ."