ಅಗ್ಗಿಷ್ಟಿಕೆಯ ಹಿಂದಿನ ವೈರು

ಸೂಜಿಯ ತಲೆ, ಒಂದು ಕೈ ಮತ್ತು ಟಾರ್ಚು ಸಂದಿಯೊಳಗೆ ಹೋಗಿದ್ದವು. ಉಳಿದ ಮೈ ಇನ್ನೂ ಮಂಚದ ಕೆಳಗೇ ಇತ್ತು.

"ಏನು ಕಾಣ್ತಿದೆ?" ಗೋಡೆಯ ಆಚೆಯಿಂದ ಅಜ್ಜ ಕೇಳಿದರು.

"ಧೂಳು," ಎಂದಳು ಸೂಜಿ. "ಒಂದು ಸತ್ತ ಜಿರಲೆ. ಮತ್ತೆ ಧೂಳು."

"ಜಿರಲೆಯನ್ನು ನಕ್ಷೆಯಲ್ಲಿ ಬರೀಬೇಡ. ವೈರು ಎಲ್ಲಿದೆ ನೋಡು."

ಸೂಜಿ ಎಂಬುದು ಅವಳ ನಿಜವಾದ ಹೆಸರಲ್ಲ. ಮೈಯಲ್ಲಿ ಮಾಂಸವಿಲ್ಲ, ಮಾತಿನಲ್ಲಿ ಮಾತ್ರ ಮೊನೆಯಿದೆ ಎಂದು ಅಜ್ಜಿ ಇಟ್ಟ ಹೆಸರು. ಅಜ್ಜಿ ತೀರಿಕೊಂಡು ಏಳು ತಿಂಗಳಾಗಿತ್ತು. ಅವರು ಇಟ್ಟ ಹೆಸರು ಮನೆಯಲ್ಲಿ ಉಳಿದುಕೊಂಡಿತ್ತು.

ಅವಳು ನುಸುಳುತ್ತಿದ್ದದ್ದು ಒಂದು ವ್ಯಾನಿನೊಳಗೆ. ಹೊರಗಿನಿಂದ ನೋಡಿದರೆ ಉದ್ದನೆಯ ಬಿಳಿ ವ್ಯಾನು. ಒಳಗೆ ಕಾಲಿಟ್ಟರೆ ಪುಟ್ಟ ಮನೆ. ಮಂಚ, ಸೋಫಾ, ಸಿಂಕು, ಒಂದೇ ಪಾತ್ರೆ ಇಡಬಹುದಾದ ಒಲೆ, ಎಲ್ಲವೂ ಇದ್ದವು. ಅದು ನರ್ಸಮ್ಮನ ವ್ಯಾನು. ಅವರು ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ದುಡಿದು ಈಗ ನಿವೃತ್ತರಾಗಿದ್ದರು. ಇನ್ನು ಮೇಲೆ ಊರೂರು ಸುತ್ತಬೇಕು, ಎಲ್ಲಿ ಸಂಜೆಯಾಗುತ್ತದೋ ಅಲ್ಲೇ ವ್ಯಾನಿನಲ್ಲಿ ಮಲಗಬೇಕು ಎಂಬುದು ಅವರ ಆಸೆ. ಆದರೆ ಅವರಿಗೆ ಚಳಿ ಆಗಿಬರುತ್ತಿರಲಿಲ್ಲ. ಅದಕ್ಕೇ ಒಂದು ಎಲೆಕ್ಟ್ರಿಕ್ ಅಗ್ಗಿಷ್ಟಿಕೆಯನ್ನು ಕೊಂಡು, ಇದನ್ನು ಗೋಡೆಯಲ್ಲಿ ಕೂರಿಸಿಕೊಡಿ ಎಂದು ವ್ಯಾನನ್ನು ಅಜ್ಜನ ಮರಗೆಲಸದ ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದರು.

ಅದೊಂದು ಕಪ್ಪು ಗಾಜಿನ ಪೆಟ್ಟಿಗೆ. ಸ್ವಿಚ್ ಹಾಕಿದರೆ ಗಾಜಿನ ಹಿಂದೆ ಸುಳ್ಳು ಬೆಂಕಿ ಕುಣಿಯುತ್ತದೆ, ಕೆಳಗಿನಿಂದ ನಿಜವಾದ ಬಿಸಿಗಾಳಿ ಬರುತ್ತದೆ. ಸೌದೆ ಬೇಡ. ಹೊಗೆ, ಬೂದಿ ಯಾವುದೂ ಇಲ್ಲ. ಕೈ ಸುಡದ ಬೆಂಕಿಗೆ ಇಷ್ಟಗಲದ ಗೂಡು ಕೊರೆಯಬೇಕಲ್ಲ ಎಂದು ಅಜ್ಜ ಆ ದಿನ ನಕ್ಕಿದ್ದರು. ಅಜ್ಜಿ ಹೋದ ಮೇಲೆ ಅವರು ನಕ್ಕದ್ದನ್ನು ಸೂಜಿ ನೋಡಿದ್ದು ಅಂದೇ.

ಸೋಫಾದ ಎದುರಿನ ಹಲಗೆ ಗೋಡೆಯಲ್ಲಿ ಆ ಗೂಡು ಬರಬೇಕಿತ್ತು. ಆ ಗೋಡೆಗೂ ಅದರ ಹಿಂದಿನ ಬೀರುವಿಗೂ ನಡುವೆ ಒಂದು ಗೇಣಿನ ಸಂದು ಇತ್ತು. ವ್ಯಾನಿನ ವೈರು ಆ ಸಂದಿಯಲ್ಲೇ ಎಲ್ಲೋ ಹಾದುಹೋಗಿತ್ತು. ಎಲ್ಲಿ ಎಂದು ತಿಳಿಯದೆ ಗರಗಸ ಹಾಕುವಂತಿರಲಿಲ್ಲ. ಸಂದಿಗೆ ಹೋಗಬೇಕಾದರೆ ಮಂಚದ ಕೆಳಗಿನ ಸಣ್ಣ ಬಾಗಿಲಿನಿಂದ ತೆವಳಬೇಕು. ಅಜ್ಜನ ಮಂಡಿ ಅದಕ್ಕೆ ಒಪ್ಪಲಿಲ್ಲ. ಅಮ್ಮ ವೈರಿಂಗ್ ಕೆಲಸದವಳು, ಆದರೆ ಅವಳ ಭುಜ ಆ ಬಾಗಿಲಿಗೆ ಹಿಡಿಸಲಿಲ್ಲ. ಹಿಡಿಸುವ ಭುಜ ಮನೆಯಲ್ಲಿ ಒಂದೇ ಇತ್ತು.

ಸೂಜಿ ಸಂದಿಯೊಳಗೆ ಅಡ್ಡವಾಗಿ ನಿಂತಳು. ಹಲಗೆಯ ಮೇಲೆ ಟಾರ್ಚು ಬಿಟ್ಟಳು. ನೆಲದಿಂದ ಸೂರಿನವರೆಗೆ ಒಂದೇ ಒಂದು ದಪ್ಪ ಕಪ್ಪು ವೈರು ನೆಟ್ಟಗೆ ಹೋಗಿತ್ತು. ಅವಳು ಟೇಪು ಹಿಡಿದು ಅಳೆದಳು. ಗೋಡೆಯ ಅಗಲ ನೂರಿಪ್ಪತ್ತು ಸೆಂಟಿಮೀಟರ್. ವೈರು ಎಡಗಡೆಯ ಅಂಚಿನಿಂದ ಇಪ್ಪತ್ತು. ತಪ್ಪಬಾರದೆಂದು ಇನ್ನೊಂದು ಸಲ ಅಳೆದಳು. ಇಪ್ಪತ್ತೇ.

ಹೊರಗೆ ಬಂದು ಮಂಚದ ಮೇಲೆ ಕೂತು ನಕ್ಷೆ ಬರೆದಳು. ಸ್ಕೇಲಿನಲ್ಲಿ ಗೋಡೆ, ಕೆಂಪು ಪೆನ್ನಿನಲ್ಲಿ ವೈರು, ಪಕ್ಕದಲ್ಲಿ 'ಎಡಗಡೆಯಿಂದ ೨೦' ಎಂಬ ಬರಹ. ಕೆಳಗೆ ತನ್ನ ಸಹಿ. ಅಜ್ಜ ಕನ್ನಡಕ ಏರಿಸಿ ನೋಡಿ, ಎಂಜಿನಿಯರಮ್ಮನ ಕೆಲಸ ಚೊಕ್ಕವಾಗಿದೆ ಎಂದರು. ಹಾಗಾದರೆ ಗೂಡು ಬಲಗಡೆ ಬರಲಿ ಎಂದು ಪೆನ್ಸಿಲಿನಿಂದ ಗೋಡೆಯ ಮೇಲೆ ದೊಡ್ಡ ಚೌಕ ಎಳೆದರು. ನಾಳೆ ಬೆಳಿಗ್ಗೆ ಕೊಯ್ಯುವುದು ಎಂದಾಯಿತು.

ಮರುದಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಕ್ಷೆಯ ವಿಷಯ ಇಡೀ ಐದನೇ ಕ್ಲಾಸಿಗೆ ಗೊತ್ತಾಗಿತ್ತು. ಸೂಜಿ ಹೇಳಿದ್ದು ಒಬ್ಬಳಿಗೇ. ಆದರೆ ಆ ಒಬ್ಬಳು 'ರೇಡಿಯೋ' ಆಗಿದ್ದಳು. ರೇಡಿಯೋಗೆ ಹೇಳಿದರೆ ಬೇರೆ ಯಾರಿಗೂ ಹೇಳಬೇಕಾಗಿರಲಿಲ್ಲ.

ಮೊದಲ ಪೀರಿಯಡ್ ಡ್ರಿಲ್. ಮೈದಾನದಲ್ಲಿ ಎಲ್ಲರೂ ಸಾಲಾಗಿ ನಿಂತರು. ಡ್ರಿಲ್ ಟೀಚರ್ ಎದುರಿಗೆ ನಿಂತು, ಎಡಗೈ ಮೇಲೆ ಎಂದು ತಾವೂ ಕೈ ಎತ್ತಿದರು. ರೇಡಿಯೋ ಸುಮ್ಮನಿರಲಿಲ್ಲ. "ಟೀಚರ್, ನೀವು ಎತ್ತಿದ್ದು ಬಲಗೈ. ನಿಮ್ದೇ ರಾಂಗು."

ಮಕ್ಕಳು ಕಿಸಕ್ಕನೆ ನಕ್ಕರು. ಟೀಚರ್ ಕೂಡ ನಕ್ಕರು.

"ನಾನು ನಿಮ್ಮ ಎದುರಿಗೆ ನಿಂತಿದ್ದೀನಿ ಕಣಮ್ಮ. ಆ ಕಡೆಯಿಂದ ನೋಡಿದ್ರೆ ಯಾವುದು ಎಡವೋ, ಈ ಕಡೆಯಿಂದ ಅದೇ ಬಲ. ನಿಮಗೆ ನೋಡ್ಕೊಂಡು ಮಾಡೋಕೆ ಸುಲಭ ಆಗ್ಲಿ ಅಂತ ಬಲಗೈ ಎತ್ತಿದ್ದು."

ಎಲ್ಲರೂ ಕೈ ಇಳಿಸಿದರು. ಸೂಜಿಯ ಕೈ ಮಾತ್ರ ಮೇಲೆಯೇ ಉಳಿಯಿತು.

ಅವಳು ಗೋಡೆಯನ್ನು ಹಿಂದಿನಿಂದ ನೋಡಿದ್ದಳು. ಅಜ್ಜ ಮುಂದಿನಿಂದ ಗುರುತು ಹಾಕಿದ್ದರು. ಅವಳ ಎಡ ಅಜ್ಜನಿಗೆ ಬಲ. ದಪ್ಪ ವೈರು ಅಜ್ಜ ಎಳೆದ ಚೌಕದ ಒಳಗೇ ಇತ್ತು.

ವ್ಯಾನಿನ ದೀಪಕ್ಕೆಂದು ಶೆಡ್ಡಿನ ಪ್ಲಗ್ಗಿನಿಂದ ಕರೆಂಟು ಕೊಟ್ಟಿದ್ದನ್ನು ಅವಳೇ ನೋಡಿದ್ದಳು. ತೆಳ್ಳಗಿನ ವೈರಾದರೆ ಗದರಿಸುತ್ತದೆ, ದಪ್ಪ ವೈರು ಮಾತಾಡಿಸುವುದೇ ಇಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆ ಮಾತು ಸೂಜಿಗೆ ಆಗ ಅರ್ಥವಾಗಿರಲಿಲ್ಲ. ಈಗ ಆಯಿತು: ದಪ್ಪ ವೈರು ಗದರಿಸಿ ಬಿಡುವುದಿಲ್ಲ, ಜೀವವನ್ನೇ ತೆಗೆಯುತ್ತದೆ. ಹೋದವರು ತಿರುಗಿ ಬರುವುದಿಲ್ಲ ಎಂಬುದನ್ನೂ ಅವಳು ಈ ವರ್ಷವೇ ಕಲಿತಿದ್ದಳು.

ನಕ್ಷೆಯ ಜಂಬ ಆಗಲೇ ಇಡೀ ಕ್ಲಾಸಿಗೆ ಹಬ್ಬಿತ್ತು. ರೇಡಿಯೋ ಪಕ್ಕದಲ್ಲೇ ಕಿವಿ ಅಗಲಿಸಿ ನಿಂತಿದ್ದಳು. ಹೊಟ್ಟೆನೋವು ಎಂದರೆ ಸಾಕಿತ್ತು, ಮನೆಗೆ ಕಳಿಸುತ್ತಿದ್ದರು. ಆದರೆ ಹೊಟ್ಟೆನೋವಿಗೆ ಯಾರೂ ಓಡುವುದಿಲ್ಲ. ಸೂಜಿ ಸಾಲು ಬಿಟ್ಟು ಟೀಚರ್ ಹತ್ತಿರ ಹೋದಳು.

"ಟೀಚರ್, ನನ್ನ ನಕ್ಷೆ ತಪ್ಪು. ಅಜ್ಜ ಅದನ್ನ ನಂಬ್ಕೊಂಡು ಈಗ ವೈರಿನ ಮೇಲೇ ಗರಗಸ ಹಾಕ್ತಾರೆ."

ಟೀಚರ್ ಎರಡನೇ ಸಲ ಕೇಳಲಿಲ್ಲ. ಅವಳ ಕೈ ಹಿಡಿದು ಆಫೀಸಿಗೆ ನಡೆದರು.

ಅಜ್ಜನ ಫೋನು ರಿಂಗಾಯಿತು, ಅವರು ಎತ್ತಲಿಲ್ಲ. ಎತ್ತುವುದಿಲ್ಲವೆಂದು ಸೂಜಿಗೆ ಗೊತ್ತಿತ್ತು. ಮರದ ಪುಡಿ ಹೋಗಬಾರದೆಂದು ಅಜ್ಜ ಕೆಲಸದ ಹೊತ್ತಿನಲ್ಲಿ ಫೋನನ್ನು ಡಬ್ಬಿಯೊಳಗೆ ಹಾಕಿಡುತ್ತಿದ್ದರು, ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅಮ್ಮನೂ ಎತ್ತಲಿಲ್ಲ. ಅವಳು ಯಾವುದೋ ಹೊಸ ಕಟ್ಟಡದಲ್ಲಿ ಏಣಿಯ ಮೇಲಿರಬೇಕು.

ಟೀಚರ್ ಗಂಟೆಮಾವನನ್ನು ಕರೆದರು. ಶಾಲೆಯ ಗಂಟೆ ಹೊಡೆಯುವುದು, ಗೇಟು ಕಾಯುವುದು, ಗಿಡಗಳಿಗೆ ನೀರು ಹಾಕುವುದು ಎಲ್ಲವೂ ಅವನದೇ. ಶಾಲೆಯ ಏಕೈಕ ಸೈಕಲ್ಲೂ ಅವನದೇ. ಮುಂದಿನ ಗಂಟೆಗೆ ಇನ್ನು ಹದಿನೈದು ನಿಮಿಷವಿದೆ, ಇಪ್ಪತ್ತು ವರ್ಷದಲ್ಲಿ ತಾನು ಒಂದು ಗಂಟೆಯನ್ನೂ ತಪ್ಪಿಸಿಲ್ಲ ಎಂದು ಗೊಣಗುತ್ತಲೇ ಅವನು ಸೈಕಲ್ ಹತ್ತಿದ. ಸೂಜಿ ಹಿಂದೆ ಕೂತಳು.

ಗಂಟೆಮಾವನ ಬಾಯಿಯಷ್ಟು ವೇಗವಾಗಿ ಅವನ ಸೈಕಲ್ ಓಡುತ್ತಿರಲಿಲ್ಲ. ಬ್ರೇಕಿನ ಕತೆ, ಚೈನಿನ ಕತೆ, ಮಂಡಿಯ ಕತೆ ಎಲ್ಲ ಹೇಳಿದ. ಸೂಜಿಯ ಕಿವಿಗೆ ಒಂದೂ ಬೀಳಲಿಲ್ಲ. ಅವಳು ಕಣ್ಣು ಮುಚ್ಚಿದ್ದಳು. ದೇವರೇ, ಅಜ್ಜ ಇವತ್ತು ತಡವಾಗಿ ಎದ್ದಿರಲಿ. ದೇವರೇ, ಗರಗಸ ಸಿಗದೆ ಹುಡುಕುತ್ತಿರಲಿ. ಅಷ್ಟೇ ಅವಳ ಪ್ರಾರ್ಥನೆ. ಅವಳಿಗೆ ಬೇರೆ ಮಾತು ಹೊಳೆಯಲಿಲ್ಲ.

ತಿರುವಿನಲ್ಲಿ ಗರಗಸದ ಸದ್ದು ಕೇಳಿಸಿತು. ಕರ್‌ರ್ ಎಂದು ಒಂದೇ ಸಮ. ಅದು ಕೇಳಿಸುತ್ತಿರುವಷ್ಟು ಹೊತ್ತು ಅಜ್ಜ ಇದ್ದಾರೆ ಎಂದು ಸೂಜಿ ಉಸಿರು ಹಿಡಿದಳು.

ಸದ್ದು ತಟ್ಟನೆ ನಿಂತಿತು.

ಸೈಕಲ್ ನಿಲ್ಲುವ ಮೊದಲೇ ಅವಳು ಹಾರಿದಳು. ಅಂಗೈ ತರಚಿತು, ಎದ್ದು ಓಡಿದಳು. ಶೆಡ್ಡಿನ ಬಾಗಿಲು ತೆರೆದಿತ್ತು. ಸದಾ ಉರಿಯುತ್ತಿದ್ದ ವ್ಯಾನಿನ ದೀಪ ಆರಿತ್ತು. ಕಿಟಕಿಯೊಳಗೆ ಕತ್ತಲು.

"ಅಜ್ಜ."

ಉತ್ತರವಿಲ್ಲ. ವ್ಯಾನಿನ ಬಾಗಿಲಿಗೆ ಕೈ ಹಾಕಿದಳು.

ವ್ಯಾನಿನ ಹಿಂದುಗಡೆಯಿಂದ ಅಜ್ಜ ಬಂದರು. ಹುಬ್ಬಿನ ತುಂಬ ಮರದ ಪುಡಿ. ಒಂದು ಕೈಯಲ್ಲಿ ಆಗತಾನೇ ಕೊಯ್ದ ಹಲಗೆ. ಅವಳನ್ನು ನೋಡಿ ಕಿವಿಯ ಹತ್ತಿ ತೆಗೆದರು.

"ಏನೇ ಇದು? ಶಾಲೆಗೆ ರಜಾನಾ?"

ಸೂಜಿ ಓಡಿಹೋಗಿ ಅವರ ಸೊಂಟ ತಬ್ಬಿಕೊಂಡಳು. ಹಲಗೆ ನೆಲಕ್ಕೆ ಬಿತ್ತು. ಅವಳು ಅಳುತ್ತಲೇ ಎಡ, ಬಲ, ಡ್ರಿಲ್, ವೈರು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಜ್ಜನಿಗೆ ಅರ್ಧ ಅರ್ಥವಾಯಿತು. ಉಳಿದ ಅರ್ಧ ಅವರಿಗೆ ಮೊದಲೇ ಗೊತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಗಂಟೆಮಾವ, ದೇವರು ದೊಡ್ಡವನು ಎಂದ. ಆಮೇಲೆ ಗಡಿಯಾರ ನೋಡಿಕೊಂಡು, ಗಂಟೆ ಮಾತ್ರ ಅವನು ಹೊಡೆಯುವುದಿಲ್ಲ ಎನ್ನುತ್ತ ಸೈಕಲ್ ತಿರುಗಿಸಿದ.

ಅಜ್ಜ ಅವಳಿಗೆ ನೀರು ಕುಡಿಸಿ ವ್ಯಾನಿನೊಳಗೆ ಕರೆದುಕೊಂಡು ಹೋದರು. ವ್ಯಾನಿನ ಪ್ಲಗ್ಗನ್ನು ಕಿತ್ತು ಸೋಫಾದ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟಿದ್ದರು. ಗೋಡೆಯ ಚೌಕದ ನಡುವೆ ಇಣುಕಿ ನೋಡಲು ಹೆಬ್ಬೆರಳಿನಷ್ಟು ಕೊರೆದ ಒಂದೇ ಒಂದು ತೂತು. ಸೂಜಿ ಅದರೊಳಗೆ ಟಾರ್ಚು ಬಿಟ್ಟು ಕಣ್ಣಿಟ್ಟಳು. ಸ್ವಲ್ಪ ಪಕ್ಕದಲ್ಲೇ ಕಪ್ಪು ವೈರು ಹಾವಿನ ಮರಿಯಂತೆ ತಣ್ಣಗೆ ನಿಂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿದ ಮೇಲೆ ಅಜ್ಜ ಗೋಡೆಯ ಕೆಲಸ ನಿಲ್ಲಿಸಿ ಹೊರಗೆ ಬೇರೆ ಹಲಗೆ ಕೊಯ್ಯುತ್ತಿದ್ದರು.

ಸೂಜಿಯ ಎದೆ ಹಗುರಾಯಿತು. ಆಮೇಲೆ ಇನ್ನೊಂದು ವಿಷಯ ಚುಚ್ಚಿತು.

"ನೀನು ನನ್ನ ನಕ್ಷೆ ನಂಬಲೇ ಇಲ್ವಾ?"

"ನಂಬದೇ ಇದ್ರೆ ಆ ಕಡೆ ಯಾಕೆ ಚೌಕ ಎಳೀತಿದ್ದೆ? ನೀನು ಹಿಂದಿನಿಂದ ಬರೆದೆ, ನಾನು ಮುಂದಿನಿಂದ ಓದಿದೆ. ಇಬ್ಬರೂ ಕೂಡಿ ಮಾಡಿದ ತಪ್ಪು ಇದು."

"ಮತ್ತೆ ತೂತು?"

ಅಜ್ಜ ಸೋಫಾದ ಅಂಚಿನ ಮರದ ಪುಡಿಯನ್ನು ಅಂಗೈಯಿಂದ ಸವರಿದರು.

"ನಿಮ್ಮಜ್ಜಿ ದಿನಾ ಮಲಗೋ ಮುಂಚೆ ಬಾಗಿಲು ಎಳೆದು ನೋಡ್ತಿದ್ಲು. ಚಿಲಕ ಹಾಕ್ತಾ ಇದ್ದದ್ದು ನಾನೇ. ನಲವತ್ತು ವರ್ಷ ಹಾಕಿದ್ದೀನಿ, ನಲವತ್ತು ವರ್ಷ ಎಳೆದು ನೋಡಿದಾಳೆ. ಮದುವೆಯಾದ ಹೊಸದರಲ್ಲಿ ನನಗೆ ಸಿಟ್ಟು ಬರ್ತಿತ್ತು, ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳಿದ್ದೆ. ನಂಬಿಕೆ ಇದೆ, ಆದ್ರೆ ಒಳಗೆ ನೀವೆಲ್ಲ ಮಲಗಿರ್ತೀರಲ್ಲ ಅಂದ್ಲು."

ಅವರು ಗೋಡೆಯ ಕಡೆ ನೋಡಿದರು. "ಇಲ್ಲಿ ನರ್ಸಮ್ಮ ಮಲಗ್ತಾರೆ."

ಅಜ್ಜ ಸೂಜಿಯ ಅಂಗೈ ತೊಳೆದು, ಬಟ್ಟೆ ಕಟ್ಟಿ, ತಾವೇ ಶಾಲೆಗೆ ನಡೆಸಿಕೊಂಡು ಹೋಗಿ ಬಿಟ್ಟರು. ಗೂಡನ್ನು ಸಂಜೆ ಅವಳು ಬಂದ ಮೇಲೆಯೇ ಕೊಯ್ಯುವುದು ಎಂದು ಮಾತಾಯಿತು. ಕ್ಲಾಸಿನಲ್ಲಿ ರೇಡಿಯೋ ಕಾಯುತ್ತಿದ್ದಳು. ನಕ್ಷೆ ತಪ್ಪಾಗಿತ್ತು, ಅಜ್ಜ ಚೆನ್ನಾಗಿದ್ದಾರೆ ಎಂದು ಸೂಜಿ ಹೇಳಿದಳು. ರೇಡಿಯೋ ಅದನ್ನು ಯಾರಿಗೂ ಹೇಳಲಿಲ್ಲ. ತನ್ನ ಡಬ್ಬಿಯ ಅರ್ಧ ತಿಂಡಿಯನ್ನು ಇವಳ ಕಡೆ ಸರಿಸಿದಳು, ಅಷ್ಟೇ.

ಸಂಜೆ ಸೂಜಿ ಮತ್ತೆ ಸಂದಿಗೆ ಇಳಿದಳು. ಈ ಸಲ ನಕ್ಷೆ ಬರೆಯಲಿಲ್ಲ. ವೈರಿನ ಪಕ್ಕದಲ್ಲಿ ಹಲಗೆಯನ್ನು ಬೆರಳಿನಿಂದ ಟಕ್ ಎಂದು ಬಡಿದಳು. ಆಚೆಯಿಂದ ಅಜ್ಜ ಕಿವಿಗೊಟ್ಟು, ಅಲ್ಲೇ ಟಕ್ ಎಂದು ತಿರುಗಿ ಬಡಿದು, ಪೆನ್ಸಿಲ್ ಗುರುತು ಹಾಕಿದರು. ಹೀಗೆ ಮೇಲಿಂದ ಕೆಳಗಿನವರೆಗೆ. ಹೊಸ ಚೌಕ ಎಡಗಡೆಗೆ ಸರಿಯಿತು. ಹಳೆಯ ತೂತನ್ನು ಅಜ್ಜ ಮರದ ಬೆಣೆ ಹಾಕಿ ಮುಚ್ಚಿದರು.

ಸೂಜಿ ಹೊರಗೆ ಬಂದಳು. ಅಜ್ಜ ಎಂದಿನಂತೆ ಅರೆಗಳಿಗೆ ಕಣ್ಣು ಮುಚ್ಚಿ ನಿಂತು, ಗರಗಸ ಹಾಕಿದರು. ಹಲಗೆ ಚೌಕವಾಗಿ ಕಳಚಿ ಬಂತು. ಅಮ್ಮ ಕೆಲಸ ಮುಗಿಸಿ ಬಂದಿದ್ದಳು. ವಿಷಯವೆಲ್ಲ ಕೇಳಿ ಏನೂ ಬೈಯಲಿಲ್ಲ, ಸೂಜಿಯ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಆಮೇಲೆ ಅಗ್ಗಿಷ್ಟಿಕೆಗೆ ಬೇರೆಯದೇ ಒಂದು ವೈರು ಎಳೆದಳು. ನರ್ಸಮ್ಮ ಬಂದು ಬಾಗಿಲಲ್ಲಿ ನಿಂತರು. ಆಪರೇಷನ್ ಹೇಗಾಯಿತು, ಪೇಷಂಟು ಬದುಕಿದೆಯೇ ಎಂದು ವಿಚಾರಿಸಿದರು.

ಪೆಟ್ಟಿಗೆಯನ್ನು ಒಳಗೆ ತಳ್ಳುವುದೊಂದೇ ಬಾಕಿ. ಒಮ್ಮೆ ಕೂರಿಸಿ ಸ್ಕ್ರೂ ಹಾಕಿದರೆ ಸಂದಿಯೊಳಗೆ ಮತ್ತೆ ಯಾರೂ ಇಣುಕುವಂತಿಲ್ಲ.

"ಒಂದ್ನಿಮಿಷ," ಎಂದಳು ಸೂಜಿ. ಯಾರೂ ಹೇಳದಿದ್ದರೂ ಮಂಡಿಯೂರಿ ಚೌಕದೊಳಗೆ ತಲೆ ಹಾಕಿದಳು. ಟಾರ್ಚನ್ನು ವೈರಿನ ಉದ್ದಕ್ಕೂ ನಿಧಾನವಾಗಿ ಓಡಿಸಿದಳು. ವೈರು ಸಿಕ್ಕಿಕೊಂಡಿರಲಿಲ್ಲ, ಎಲ್ಲಿಯೂ ತಾಗುತ್ತಿರಲಿಲ್ಲ.

"ಸರಿಯಾಗಿದೆ," ಎಂದು ಅವಳು ಹಿಂದೆ ಸರಿದಳು. ಆಮೇಲೆ ಟಾರ್ಚನ್ನು ಅಜ್ಜನ ಕಡೆ ಚಾಚಿದಳು.

"ನೀನೂ ಒಂದ್ಸಲ ನೋಡ್ಬಿಡು ಅಜ್ಜ."

ಅಜ್ಜ ಅವಳ ಮುಖವನ್ನು ನೋಡಿದರು. ಒಂದು ಕೈಯನ್ನು ಅವಳ ಭುಜದ ಮೇಲೆ ಊರಿ, ನೋಯುವ ಮಂಡಿಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಬಗ್ಗಿ ನೋಡಿದರು.