ತಲೆಯಿಲ್ಲದ ಮೀನು

“ಬಾಟ್ಲಿ! ಬಾಟ್ಲಿ ಎಲ್ಲಪ್ಪಾ?” ಅಮ್ಮ ಸೌಟು ಹಿಡಿದುಕೊಂಡೇ ಕೂಗಿದಳು. ಒಲೆಯ ಮೇಲೆ ಜಾಮ್ ಕೊತಕೊತ ಕುದಿಯುತ್ತಿತ್ತು.

“ಬಂದ್ರೆ ತಾನೇ ನಾನು ತೊಳೆಯೋದು? ಇರೋದು ಈ ನಾಲ್ಕೈದೇ” ಎಂದರು ತಾತ. ಅವರ ಮುಂದಿನ ಬಿಸಿನೀರು ಸುಮ್ಮನೆ ಆರುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಮ್ಮನ ಜಾಮ್ ಅಂಗಡಿ. ಖಾಲಿ ಬಾಟಲಿ ತಂದವರಿಗೆ ಮುಂದಿನ ಜಾಮ್ ಕಡಿಮೆ ಬೆಲೆಗೆ. ಬಂದ ಬಾಟಲಿಗಳನ್ನು ತಾತ ತೊಳೆಯಬೇಕು, ಅಮ್ಮ ಮತ್ತೆ ತುಂಬಬೇಕು. ಆದರೆ ಈಚೆಗೆ ಹೋದ ಬಾಟಲಿ ಹೋದಲ್ಲೇ ಇರುತ್ತಿತ್ತು.

“ಸಾಕಾಯ್ತು! ಪ್ಲಾಸ್ಟಿಕ್ ಡಬ್ಬಿನೇ ತರಿಸ್ತೀನಿ. ತಿಂದು ಬಿಸಾಕಲಿ.” ಹೇಳುವಾಗ ಅಮ್ಮನ ಮುಖ ಹರಳೆಣ್ಣೆ ಕುಡಿದಂತಾಯಿತು.

ಮೂಲೆಯಲ್ಲಿ ಬಣ್ಣ ಕಲಸುತ್ತಿದ್ದ ಮಗಳು ಗಿಣಿ ತಟ್ಟನೆ ತಲೆಯೆತ್ತಿದಳು. ಮಾತು ಜಾಸ್ತಿ ಅಂತ ಎಲ್ಲರೂ ಗಿಣಿ ಎಂದು ಕರೆಯುತ್ತಿದ್ದ ಆ ಹುಡುಗಿಯೇ ಬಾಟಲಿಗಳ ಕಲಾವಿದೆ. ತೊಳೆದರೂ ಹೋಗದ ಬಣ್ಣದಲ್ಲಿ ಒಂದೊಂದರ ಮೇಲೂ ಒಂದೊಂದು ಮೀನು ಬಿಡಿಸುತ್ತಿದ್ದಳು. ಪ್ಲಾಸ್ಟಿಕ್ ಡಬ್ಬಿಯ ಮೇಲೆ ಆ ಬಣ್ಣ ನಿಲ್ಲುವುದಿಲ್ಲ.

“ಇರಮ್ಮಾ! ನಾನೇ ಇಸ್ಕೊಂಡು ಬರ್ತೀನಿ.” ಚೀಲ ಹಿಡಿದು ಓಡಿದಳು.

ಟೈಲರ್ ಆಂಟಿ ಬಾಟಲಿಯ ತುಂಬ ಗುಂಡಿ ತುಂಬಿಟ್ಟಿದ್ದರು. “ಅಯ್ಯೋ, ಇದನ್ನ ಕೊಡೋದಾ? ನಿನ್ನ ಮೀನು ಎಷ್ಟು ಮುದ್ದಾಗಿದೆ! ಬಿಲ್‌ಕುಲ್ ಕೊಡಲ್ಲ.”

ಕಟಿಂಗ್ ಶಾಪ್ ಮಾಮ ಬಾಟಲಿಯಲ್ಲಿ ಬಾಚಣಿಗೆ ನಿಲ್ಲಿಸಿದ್ದರು. “ಬರೋರೆಲ್ಲ ಇದನ್ನೇ ನೋಡ್ತಾರೆ ಕಣೇ! ನನ್ ಕಟಿಂಗ್ ಯಾರು ನೋಡ್ತಾರೆ?”

ಗಿಣಿ ಉಬ್ಬಿ ಪೂರಿಯಾದಳು. ರಸ್ತೆಯ ಕೊನೆ ಮುಟ್ಟಿ ಚೀಲ ನೋಡಿದರೆ ಒಂದೂ ಬಾಟಲಿಯಿಲ್ಲ. ಉಬ್ಬಿದ್ದೆಲ್ಲ ಠುಸ್ಸೆಂದಿತು. ಬಾಟಲಿ ಬಾರದಿರಲು ತಾನೇ ಕಾರಣ!

ಮನೆಯಲ್ಲಿ ಅಮ್ಮ ಜಾಮನ್ನು ಟಿಫಿನ್ ಡಬ್ಬಿ, ಲೋಟ, ಕೊನೆಗೆ ಟೀ ಕೆಟಲ್‌ಗೂ ತುಂಬಿಟ್ಟಿದ್ದಳು. ಗಿಣಿ ಅಳುತ್ತಲೇ ಎಲ್ಲ ಹೇಳಿದಳು.

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. “ಚೆನ್ನಾಗಿ ಬಿಡಿಸಿದ್ದೇ ತಪ್ಪಾಯ್ತು ನೋಡು!”

“ಹಾಗಾದ್ರೆ ಇನ್ಮೇಲೆ ಚಿತ್ರ ಬೇಡ ಪುಟ್ಟಾ” ಎಂದಳು ಅಮ್ಮ ಮೆಲ್ಲಗೆ. ಬೈದಿದ್ದರೆ ಗಿಣಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಬ್ರಷ್ ತೊಳೆಯಲು ಹೋದವಳು ಅರ್ಧಕ್ಕೇ ನಿಂತಳು. ಜಾಮ್ ತುಂಬಿದ್ದ, ಇನ್ನೂ ಚಿತ್ರ ಬಿಡಿಸದ ಆ ನಾಲ್ಕೈದು ಬಾಟಲಿಗಳನ್ನು ಎಳೆದುಕೊಂಡು ಕೂತು ಸರಸರ ಬಿಡಿಸಿದಳು. ಎಲ್ಲದರ ಮೇಲೂ ಬರೀ ಬಾಲ!

ಮರುದಿನ ಟೈಲರ್ ಆಂಟಿ ಜಾಮ್ ಕೊಳ್ಳಲು ಬಂದು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದೇನೇ? ತಲೆ ಎಲ್ಲಿ?”

“ಖಾಲಿ ಮಾಡಿ ತನ್ನಿ ಆಂಟಿ, ಆಗ ತಲೆ ಬಿಡಿಸ್ತೀನಿ!”

“ತಲೆ ಬಂದ್ಮೇಲೆ ಮತ್ತೆ ಇಟ್ಕೋತಾರಲ್ಲೇ?” ಪಿಸುಗುಟ್ಟಿದರು ತಾತ.

“ಆಮೇಲೆ ಮರಿ, ಆಮೇಲೆ ಏಡಿ. ಮುಗಿಸಿದ್ರೆ ತಾನೇ, ತಾತಾ!”

ಬಾಲದ ಬಾಟಲಿಗಳು ಬೇಗ ಬೇಗ ಖಾಲಿಯಾಗಿ ಬಂದವು. ಹಳೆಯ ಮೀನುಗಳೂ “ನಮಗೊಂದು ಮರಿ” ಎಂದು ಹಿಂದೆಯೇ ಬಂದವು. ತಾತನಿಗೆ ತೊಳೆದು ತೊಳೆದು ಕೈ ಸೋತಿತು. ಪ್ಲಾಸ್ಟಿಕ್ ಡಬ್ಬಿಯ ಮಾತು ಅಮ್ಮನ ಬಾಯಲ್ಲಿ ಮತ್ತೆ ಬರಲಿಲ್ಲ.

ಒಂದು ದಿನ ಕಟಿಂಗ್ ಶಾಪ್ ಮಾಮ ಕೊಂಡಿದ್ದ ಬಾಲದ ಬಾಟಲಿ ಬಂತು. ಗಿಣಿ ಬ್ರಷ್ ಎತ್ತಿದವಳು ಕಣ್ಣರಳಿಸಿದಳು. ಬಾಲದ ಮುಂದೆ ಆಗಲೇ ಒಂದು ಸೊಟ್ಟ ತಲೆಯಿತ್ತು. ತಲೆಗೆ ಗಿರಿಜಾ ಮೀಸೆ ಬೇರೆ!

“ನನ್ ಮೀನಿಗೆ ಮೀಸೆ! ಯಾರು ಕೇಳಿದ್ರು ಇವರನ್ನ?” ಅವಳಿಗೆ ಸಿಟ್ಟು ನೆತ್ತಿಗೇರಿತು. ಉಜ್ಜಿ ಅಳಿಸಲು ಬಟ್ಟೆ ತಂದಳು.

ಅಷ್ಟರಲ್ಲಿ ಅಂಗಡಿಗೆ ಬಂದಿದ್ದ ಟೈಲರ್ ಆಂಟಿ ಅದನ್ನು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇದರಲ್ಲೇ ತುಂಬಿಕೊಡಿ, ನಂಗೆ ಇದೇ ಬೇಕು.”

ಗಿಣಿ ಮೀಸೆಯ ಮೀನನ್ನು ಇನ್ನೊಮ್ಮೆ ನೋಡಿದಳು. ತಡೆಯಲಾಗದೆ ಅವಳಿಗೂ ನಗು ಬಂತು. ಬಟ್ಟೆ ಕೆಳಗಿಟ್ಟು, ಮೀನಿನ ಬಾಯಿಯ ಹತ್ತಿರ ಒಂದೇ ಒಂದು ನೀರಗುಳ್ಳೆ ಬಿಡಿಸಿದಳು.

“ಅಷ್ಟೇನಾ?” ಎಂದಳು ಅಮ್ಮ.

“ಅಷ್ಟೇ. ಉಳಿದ ಜಾಗದಲ್ಲಿ ಆಂಟಿ ಬಿಡಿಸಲಿ.”